ಆಟ ಆಡಿಸಿ ಕಳಿಸುತ್ತಾರೆ, ಇದೂ ಕೌನ್ಸೆಲಿಂಗಾ?

ಹಾಸನದ ಅಮ್ಮ:
ಮಗನಿಗೆ ಆರು ವರ್ಷ, ಒಂದನೇ ಕ್ಲಾಸು. ತಂಗಿ ಹುಟ್ಟಿದ ಮೇಲೆ ದಿನಾ ಬೆಳಿಗ್ಗೆ ಅಳು. ಯೂನಿಫಾರ್ಮ್ ಹಾಕಿದ ಕೂಡಲೇ ಹೊಟ್ಟೆನೋವು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದೂ ಮತ್ತೆ ಶುರುವಾಗಿದೆ. ಮಕ್ಕಳ ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿದರು, ಏನೂ ತೊಂದರೆ ಇಲ್ಲ. ಅವರೇ ಕೌನ್ಸೆಲರ್ ಹತ್ತಿರ ಕಳಿಸಿದರು.

ಅಲ್ಲಿ ಮುಕ್ಕಾಲು ಗಂಟೆ ಅವನಿಗೆ ಬರೀ ಆಟ. ಮರಳು, ಗೊಂಬೆ, ಅಡುಗೆ ಸಾಮಾನು, ಪ್ಲಾಸ್ಟಿಕ್ ಹುಲಿ. ನಮ್ಮನ್ನು ಬೇರೆ ಕೂರಿಸಿ "ನಿಮ್ಮ ಗುರಿ ಏನು?" ಎಂದು ಕೇಳಿದರು. "ಅಳೋದು ನಿಲ್ಲಬೇಕು" ಅಂದೆ. "ಅಳದೆ ಇದ್ದಾಗ ಏನು ಮಾಡ್ತಿರ್ತಾನೆ, ಅದನ್ನ ಹೇಳಿ" ಅಂದರು. ನನಗೆ ತಲೆಬುಡ ಗೊತ್ತಾಗಲಿಲ್ಲ. ಒಳಗೆ ಏನು ಆಡಿದ ಎಂದರೆ ಅವರು ಪೂರ್ತಿ ಹೇಳುವುದೂ ಇಲ್ಲ. ಅತ್ತೆ ಬೇರೆ, "ಆಟ ಆಡ್ಸೋಕೆ ದುಡ್ಡಾ? ಪಕ್ಕದ ಮನೆ ಕಟ್ಟೋಕೆ ಮರಳು ಸುರಿದಿದ್ದಾರೆ, ಅಲ್ಲೇ ಬಿಡು" ಅನ್ನುತ್ತಾರೆ. ಮುಂದುವರಿಸೋದಾ, ಬಿಡೋದಾ?

ದಾವಣಗೆರೆ ಅಪ್ಪ:
ಬಿಡಬೇಡಿ ಮೇಡಂ. ನಮ್ಮ ಮಗಳು ಮನೆಯಲ್ಲಿ ವಟವಟ, ಕ್ಲಾಸಲ್ಲಿ ಮಾತ್ರ ಬಾಯೇ ಬಿಡುತ್ತಿರಲಿಲ್ಲ. ಕ್ಲಾಸಲ್ಲಿ ಮಾತಾಡುವುದಕ್ಕೆ ಸೊನ್ನೆಯಿಂದ ಹತ್ತರಲ್ಲಿ ಈಗ ಎಷ್ಟು ಅಂಕ ಕೊಡುತ್ತೀರಿ ಎಂದು ನಮ್ಮ ಕೌನ್ಸೆಲರ್ ಕೇಳಿದರು. ನಾನು ಎರಡು ಅಂದೆ, ನನ್ನಾಕೆ ಐದು ಅಂದಳು. ಐದು ಹೇಗೆ ಎಂದರೆ, ಪಕ್ಕದ ಹುಡುಗಿಯ ಕಿವಿಯಲ್ಲಿ ಪಿಸುಗುಟ್ಟುತ್ತಾಳಂತೆ. ನನಗೆ ಗೊತ್ತೇ ಇರಲಿಲ್ಲ. ಐದು ಆರಾಗಲು ಏನಾಗಬೇಕು? ಟೀಚರ್ ಹಾಜರಿ ಕರೆದಾಗ ಕೈ ಎತ್ತಿದರೆ ಸಾಕು ಎಂದು ಬರೆದುಕೊಂಡೆವು. ಮಾತಾಡುವುದಲ್ಲ, ಬರೀ ಕೈ ಎತ್ತುವುದು. ಅಲ್ಲಿಂದ ದಾರಿ ಸಿಕ್ಕಿತು.

ಮೈಸೂರು ಕೌನ್ಸೆಲರ್:
ನಿಮ್ಮ ಅತ್ತೆಯವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಅದನ್ನೇ ಕೇಳುತ್ತಾರೆ, ಇನ್ನರ್ಧ ಮನಸ್ಸಲ್ಲೇ ಇಟ್ಟುಕೊಳ್ಳುತ್ತಾರೆ.

ಮರಳಿನಲ್ಲಿ ವಿಶೇಷ ಏನೂ ಇಲ್ಲ. ಅಷ್ಟು ಹೊತ್ತು ದೊಡ್ಡವರೊಬ್ಬರು ಫೋನ್ ಮುಟ್ಟದೆ, ಬುದ್ಧಿ ಹೇಳದೆ, "ಹಾಗಲ್ಲ, ಹೀಗೆ" ಅನ್ನದೆ ಅವನ ಜೊತೆ ಇರುತ್ತಾರೆ. ಆಟ ಯಾವುದು ಎಂದು ಅವನೇ ಹೇಳಬೇಕು. "ತಂಗಿ ಬಂದ ಮೇಲೆ ನನ್ನನ್ನು ಯಾರೂ ನೋಡುತ್ತಿಲ್ಲ" ಎಂದು ಆರು ವರ್ಷದ ಮಗು ಹೇಳಲ್ಲ. ಪುಟ್ಟ ಗೊಂಬೆಯನ್ನು ಹುಲಿಯ ಕೈಲಿ ಹೂಳಿಸಬಹುದು. ಹಾಗಂತ ಒಂದು ಸಲ ಹೂತಿದ್ದಕ್ಕೆ ಕಥೆ ಕಟ್ಟುವುದೂ ಬೇಡ. ಮತ್ತೆ ಮತ್ತೆ ಬರುವ ಆಟ ಯಾವುದು, ಅದು ಹೇಗೆ ಬದಲಾಗುತ್ತದೆ ಎಂದು ನೋಡುತ್ತೇವೆ. 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ ಇಂಥ ಆಟದ ಚಿಕಿತ್ಸೆಗೆ (ಪ್ಲೇ ಥೆರಪಿ) ಎಂಟು ನಿಯಮ ಹಾಕಿಕೊಟ್ಟರು. ಮಗುವನ್ನು ಅವಸರ ಮಾಡಬಾರದು ಎನ್ನುವುದು ಅದರಲ್ಲೊಂದು.

ಗುರಿ ಕೇಳುವ ಕ್ರಮ ಬೇರೆ ಕಡೆಯದು. ಅಮೆರಿಕದ್ದೇ ಮಿಲ್ವಾಕಿ ಊರಿನಲ್ಲಿ ಸ್ಟೀವ್ ಡಿ ಶೇಜರ್, ಇನ್‌ಸೂ ಕಿಮ್ ಬರ್ಗ್ ಎಂಬ ಚಿಕಿತ್ಸಕ ದಂಪತಿ 1980ರ ಆಸುಪಾಸಿನಲ್ಲಿ ರೂಪಿಸಿದ್ದು. ಸಮಸ್ಯೆ ಯಾಕೆ ಬಂತು ಎಂದು ಕೆದಕುವುದಕ್ಕಿಂತ, ಅದು ಇಲ್ಲದ ದಿನ ಹೇಗಿರುತ್ತದೆ ಎಂದು ಕೇಳುತ್ತಾರೆ. "ಅಳಬಾರದು" ಎನ್ನುವುದನ್ನು ಅಳೆಯುವುದು ಕಷ್ಟ. "ಗೇಟಿನ ಹತ್ತಿರ ಟಾಟಾ ಮಾಡಿ ಒಳಗೆ ಹೋಗುತ್ತಾನೆ" ಎನ್ನುವುದು ಕಣ್ಣಿಗೆ ಕಾಣುತ್ತದೆ. ಈ ಗುರಿ ದೊಡ್ಡವರಿಗೆ. ಆಟದ ಕೋಣೆಯಲ್ಲಿ ಅವನಿಗೆ ಗುರಿ ಗಿರಿ ಏನೂ ಬೇಡ. ಆಟದ ಮಧ್ಯೆ "ಶಾಲೆಗೆ ಹೋಗ್ತೀಯಾ ಅಲ್ವಾ?" ಎಂದರೆ ಮುಗೀತು, ಅದು ಇನ್ನೊಂದು ಕ್ಲಾಸ್ ಆಯಿತು.

ಒಳಗಿನದನ್ನು ಪೂರ್ತಿ ಹೇಳದಿರುವುದು ಸರಿಯೇ. ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಹೇಳಲೇಬೇಕು. ಆದರೆ ಅವರ ಓದು, ತರಬೇತಿ ಏನು ಎಂದು ನೀವು ಕೇಳಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರಬೇಕು. ಆರೆಂಟು ಸಲ ಆದ ಮೇಲೆ ಎಲ್ಲಿಗೆ ಬಂದೆವು ಎಂದು ಕೂತು ನೋಡೋಣ ಅನ್ನಿ. ಅದಕ್ಕೆ ಮುಖ ಸಿಂಡರಿಸಿದರೆ ಬೇರೆಯವರನ್ನು ನೋಡಿ.

ಮನೆಯಲ್ಲೂ ವಾರಕ್ಕೊಮ್ಮೆ ಅರ್ಧ ಗಂಟೆ ಅವನೊಬ್ಬನ ಜೊತೆ ಕೂರಿ. ತಂಗಿ ಅಜ್ಜಿಯ ಹತ್ತಿರ ಇರಲಿ. ಹೊಡೆಯಲು ಬಂದರೆ, "ನಿಂಗೆ ಕೋಪ ಬಂದಿದೆ. ಅಮ್ಮನ್ನ ಹೊಡಿಯೋ ಹಾಗಿಲ್ಲ. ದಿಂಬಿಗೆ ಹೊಡಿ" ಎಂದು ಇದೇ ಕ್ರಮದಲ್ಲಿ ಹೇಳಿ. ಹಾಸಿಗೆ ಒದ್ದೆಯಾದದ್ದಕ್ಕೆ ಬೈಯಬೇಡಿ, ನೆಂಟರ ಮುಂದೆ ಆ ಮಾತೂ ಬೇಡ.

ಒಂದು ಪ್ರಶ್ನೆ: ಅಳದೆ ಹೋದ ದಿನ ಒಂದೂ ಇಲ್ಲವಾ?

ಹಾಸನದ ಅಮ್ಮ:
ಇದೆ! ಮಾವ ಟಿವಿಎಸ್‌ನಲ್ಲಿ ಕರೆದುಕೊಂಡು ಹೋದ ದಿನ ಅಳಲ್ಲ. ತಾತ ಪೆಪ್ಪರಮಿಂಟ್ ಕೊಡಿಸುತ್ತಾರೆ, ಅದಕ್ಕೆ ಅಂದುಕೊಂಡಿದ್ದೆ. ಬೇರೆ ದಿನ ನಾನೇ ಪಾಪುವನ್ನು ಎತ್ತಿಕೊಂಡು ಬಿಡಲು ಹೋಗುತ್ತೇನೆ.

ಮೈಸೂರು ಕೌನ್ಸೆಲರ್:
ಪೆಪ್ಪರಮಿಂಟ್ ಇರಬಹುದು. ಆದರೆ ನೀವು ಬಿಟ್ಟ ದಿನ ಅವನು ನೋಡುವುದೇನು? ತನ್ನನ್ನು ಗೇಟಿನೊಳಗೆ ಬಿಟ್ಟು ಅಮ್ಮ, ಪಾಪು ಇಬ್ಬರೂ ಮನೆಗೆ ವಾಪಸ್. ಒಂದು ವಾರ ತಾತನೇ ಬಿಡಲಿ, ಪೆಪ್ಪರಮಿಂಟ್ ಇಲ್ಲದೆ. ಇನ್ನೊಂದು ವಾರ ಪಾಪುವನ್ನು ಮನೆಯಲ್ಲಿ ಬಿಟ್ಟು ನೀವೊಬ್ಬರೇ ಹೋಗಿ. ಏನಾಯಿತು ಎಂದು ಬರೆದಿಟ್ಟು ನಿಮ್ಮ ಕೌನ್ಸೆಲರ್‌ಗೆ ತೋರಿಸಿ. ಮಾವನವರನ್ನೂ ಕರೆದುಕೊಂಡು ಹೋಗಿ.

ದಾವಣಗೆರೆ ಅಪ್ಪ:
ಫೀಸು ಭಾರ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.