ಕುಲಪತಿಗಳಿಂದ ಯಾವ ನೈತಿಕ ನಾಯಕತ್ವವನ್ನು ನಿರೀಕ್ಷಿಸಬಹುದು?

ಅತಿಥಿ ಉಪನ್ಯಾಸಕಿ, ಮಡಿಕೇರಿ:
2018ರ ಆಗಸ್ಟ್‌ನಲ್ಲಿ ನಮ್ಮ ಬೆಟ್ಟಗಳು ಕುಸಿದಾಗ, ಅದಕ್ಕೆ ಮಳೆಯೊಂದೇ ಕಾರಣವೋ, ಇಳಿಜಾರುಗಳನ್ನು ಕಡಿದು ಸಮತಟ್ಟು ಮಾಡಿದ್ದೂ ಕಾರಣವೋ ಎಂಬ ಚರ್ಚೆ ಜಿಲ್ಲೆಯ ಉದ್ದಗಲಕ್ಕೂ ನಡೆಯಿತು. ಆಗ ನಮಗೆ ಪ್ರತ್ಯೇಕ ವಿಶ್ವವಿದ್ಯಾಲಯವಿರಲಿಲ್ಲ. 2023ರಿಂದ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವಿದೆ. ಇಂತಹ ಸಂದರ್ಭ ಮತ್ತೆ ಬಂದರೆ ಕುಲಪತಿಗಳು ಬಹಿರಂಗವಾಗಿ ನಿಲುವು ತಾಳಬೇಕೆಂದು ಬಯಸುವುದು ಸರಿಯೇ?

ನಿವೃತ್ತ ಪ್ರಾಧ್ಯಾಪಕ, ವಿರಾಜಪೇಟೆ:
ಸರಿಯಲ್ಲವೆಂದು ನನ್ನ ಅಭಿಪ್ರಾಯ. ರಾಜಕೀಯ, ಸಾಮಾಜಿಕ ವಿವಾದಗಳಲ್ಲಿ ವಿಶ್ವವಿದ್ಯಾಲಯದ ಪಾತ್ರವೇನೆಂದು ಪರಿಶೀಲಿಸಿದ ಶಿಕಾಗೊ ವಿಶ್ವವಿದ್ಯಾಲಯದ ಕಾಲ್ವೆನ್ ಸಮಿತಿಯು 1967ರ ತನ್ನ ವರದಿಯಲ್ಲಿ, ಟೀಕೆ ಮಾಡಬೇಕಾದವರು ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು, ವಿಶ್ವವಿದ್ಯಾಲಯವು ಅವರಿಗೆ ಆಶ್ರಯ ಕೊಡುವ ಮನೆ ಮಾತ್ರ ಎಂದಿತು. ಕುಲಪತಿಗಳೇ ಒಂದು ಪಕ್ಷ ವಹಿಸಿದರೆ, ಅದನ್ನು ಒಪ್ಪದ ಕಿರಿಯ ಅಧ್ಯಾಪಕ ಬಾಯಿ ತೆರೆಯಲು ಅಂಜುತ್ತಾನೆ. ಆದರೆ ವಿಶ್ವವಿದ್ಯಾಲಯದ ಮೂಲ ಧ್ಯೇಯಕ್ಕೇ ಧಕ್ಕೆ ಬಂದಾಗ ಸಂಸ್ಥೆಯು ಎದ್ದು ನಿಲ್ಲಬೇಕೆಂದೂ ಅದೇ ವರದಿ ಹೇಳಿದೆ. ಈ ಭಾಗವನ್ನು ಅನೇಕರು ಮರೆಯುತ್ತಾರೆ.

ಸಂಶೋಧನಾ ವಿದ್ಯಾರ್ಥಿ, ಕುಶಾಲನಗರ:
ಸರ್, ಹಾಗೆ ಎದ್ದು ನಿಂತವರು ನಮ್ಮ ದೇಶದಲ್ಲೇ ಇದ್ದರು. ಹಣದ ತೀವ್ರ ಮುಗ್ಗಟ್ಟಿನಲ್ಲಿದ್ದ ಕಲ್ಕತ್ತ ವಿಶ್ವವಿದ್ಯಾಲಯಕ್ಕೆ 1922ರಲ್ಲಿ ಬಂಗಾಳ ಸರ್ಕಾರವು ಷರತ್ತುಗಳೊಡನೆ ನೆರವು ನೀಡಲು ಮುಂದಾದಾಗ, ಕುಲಪತಿ ಆಶುತೋಷ್ ಮುಖರ್ಜಿಯವರು ಸ್ವಾತಂತ್ರ್ಯವನ್ನು ಮಾರಿಕೊಂಡು ಹಣ ಪಡೆಯಲಾಗದೆಂದು ಸೆನೆಟ್‌ನಲ್ಲಿ ವಿರೋಧಿಸಿದರು. ಮರುವರ್ಷ ಗವರ್ನರ್ ಲಿಟ್ಟನ್ ಅವರು ಷರತ್ತು ವಿಧಿಸಿ ಕುಲಪತಿ ಸ್ಥಾನವನ್ನು ಮತ್ತೆ ಕೊಡಬಂದಾಗ ಆ ಸ್ಥಾನವನ್ನೂ ನಿರಾಕರಿಸಿದರು. ಭೂಕುಸಿತದ ಬಗ್ಗೆ ಕುಲಪತಿಗಳು ಭಾಷಣ ಮಾಡುವುದು ನನಗೆ ಮುಖ್ಯವಲ್ಲ. ಅದನ್ನು ಅಧ್ಯಯನ ಮಾಡಿದವರ ವರದಿ ಪ್ರಭಾವಿಗಳಿಗೆ ಹಿಡಿಸದೆ, ಅದನ್ನು ತಡೆಹಿಡಿಯಿರೆಂದು ಕರೆ ಬಂದಾಗ ಅವರು ಏನು ಉತ್ತರಿಸುತ್ತಾರೆಂಬುದು ಮುಖ್ಯ.

ಅತಿಥಿ ಉಪನ್ಯಾಸಕಿ, ಮಡಿಕೇರಿ:
ಇಬ್ಬರಿಗೂ ವಂದನೆಗಳು. ಸರ್, ತಾವು ಹೇಳಿದ ವ್ಯವಸ್ಥೆಯಲ್ಲಿ ಅಧ್ಯಾಪಕರಿಗೆ ಕೆಲಸದ ಭದ್ರತೆ ಇರುತ್ತದೆಂದು ಭಾವಿಸಲಾಗಿದೆ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ ಆಯ್ಕೆಗೆ ಕಾಯುವ ನನ್ನಂತಹವರು ಬೆಟ್ಟ ಕಡಿದವರ ಬಗ್ಗೆ ಬರೆಯುವ ಮುನ್ನ ಮುಂದಿನ ವರ್ಷದ ಪಟ್ಟಿಯನ್ನು ನೆನೆಯುತ್ತೇವೆ, ಅನೇಕ ಸಲ ಬರೆಯದೆಯೇ ಉಳಿಯುತ್ತೇವೆ. ಆದ್ದರಿಂದ ನನ್ನ ಪ್ರಶ್ನೆಯನ್ನು ತಿದ್ದಿಕೊಳ್ಳುತ್ತೇನೆ: ಬರೆದ ಕಾರಣಕ್ಕಾಗಿ ಯಾರ ಹೆಸರನ್ನೂ ಪಟ್ಟಿಯಿಂದ ಕೈಬಿಡುವುದಿಲ್ಲವೆಂದು ಕುಲಪತಿಗಳು ಲಿಖಿತವಾಗಿ ಹೇಳಬೇಕೆಂದು ನಾವು ಒಟ್ಟಾಗಿ ಕೇಳೋಣವೇ?

ನಿವೃತ್ತ ಪ್ರಾಧ್ಯಾಪಕ, ವಿರಾಜಪೇಟೆ:
ಕೇಳೋಣಮ್ಮ. ಆ ವಿಷಯ ನನಗೆ ಹೊಳೆದಿರಲಿಲ್ಲ. ಮನವಿಯನ್ನು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೂ ಕಳುಹಿಸಬೇಕು. ಮೊದಲ ಸಹಿ ನನ್ನದಿರಲಿ, ನನಗೆ ಕಳೆದುಕೊಳ್ಳುವ ಹುದ್ದೆಯಿಲ್ಲ.