ಲಾಂಗ್ ಟರ್ಮ್ ಸಾಲ 84 ಕೋಟಿಯಿಂದ 50 ಕೋಟಿಗೆ ಇಳಿದಿದೆ. ನಿಜವಾಗಿ ತೀರಿಸಿದ್ದಾರಾ?

ಶಿಡ್ಲಘಟ್ಟ ರೀಲರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಗೂಡು ಕೂಗಿ ತರುತ್ತೇನೆ, ಮಧ್ಯಾಹ್ನದಿಂದ ನೂಲು ತೆಗೆಸುತ್ತೇನೆ. ಸಾಲ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ಕಂಪನಿಯ ಸಾಲದ ಲೆಕ್ಕ ಓದುವುದನ್ನು ಮಾತ್ರ ಈಗ ಕಲಿಯುತ್ತಿದ್ದೇನೆ.

ಮಗಳ ಓದಿಗೆ ಅಂತ ಕೂಡಿಟ್ಟ ದುಡ್ಡಿನಲ್ಲಿ ಒಂದು ಬಟ್ಟೆ ಕಂಪನಿಯ ಷೇರು ತಗೊಂಡಿದ್ದೇನೆ. ಹೆಸರು ಬೇಡ. ಈ ಸಲದ ವಾರ್ಷಿಕ ವರದಿಯಲ್ಲಿ ಲಾಂಗ್ ಟರ್ಮ್ ಬಾರೋಯಿಂಗ್ಸ್, ಅಂದರೆ ವರ್ಷ ದಾಟಿದ ಮೇಲೆ ಕಟ್ಟಬೇಕಾದ ಸಾಲ, 50 ಕೋಟಿ ಇದೆ. ಹೋದ ವರ್ಷ 84 ಕೋಟಿ ಇತ್ತು. ಒಂದೇ ವರ್ಷದಲ್ಲಿ 34 ಕೋಟಿ ತೀರಿಸಿದರಲ್ಲ ಅಂತ ಖುಷಿಯಾಯಿತು. ಇನ್ನಷ್ಟು ಷೇರು ತಗೊಳ್ಳೋಣ ಅಂತ ಇದ್ದೆ. ಆಮೇಲೆ ಕೆಳಗೆ ಕಣ್ಣು ಹೋಯಿತು. ಶಾರ್ಟ್ ಟರ್ಮ್ ಬಾರೋಯಿಂಗ್ಸ್, ಅಂದರೆ ವರ್ಷದೊಳಗೆ ಕಟ್ಟಬೇಕಾದ ಸಾಲ, 31 ಕೋಟಿಯಿಂದ 63 ಕೋಟಿಗೆ ಏರಿದೆ. ಲಾಭ ಹೋದ ವರ್ಷದಷ್ಟೇ ಇದೆ. ಹಾಗಾದರೆ ಆ 34 ಕೋಟಿ ಎಲ್ಲಿಂದ ಬಂತು?

ತುಮಕೂರಿನ ಲೆಕ್ಕದವಳು:
ಸಾರ್, ನಾನು ತುಮಕೂರಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆ 34 ಕೋಟಿಯನ್ನು ಅವರು ತೀರಿಸಿಲ್ಲ. ಅದು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬಂದಿದೆ.

ನಿಮ್ಮ ರೀಲಿಂಗ್ ಮೆಷಿನ್‌ಗೆ 10 ಲಕ್ಷ ಸಾಲ ತಗೊಂಡಿರಿ ಅಂತಿಟ್ಟುಕೊಳ್ಳಿ. ಐದು ವರ್ಷ, ವರ್ಷಕ್ಕೆ 2 ಲಕ್ಷ ಅಸಲು. ಮಾರ್ಚ್ 31ಕ್ಕೆ ಬ್ಯಾಲೆನ್ಸ್ ಶೀಟ್ ಬರೆಯುವಾಗ, ಮುಂದಿನ 12 ತಿಂಗಳಲ್ಲಿ ಕಟ್ಟಬೇಕಾದ 2 ಲಕ್ಷವನ್ನು ಲಾಂಗ್ ಟರ್ಮ್‌ನಲ್ಲಿ ತೋರಿಸುವ ಹಾಗಿಲ್ಲ. ಅಲ್ಲಿ 8 ಲಕ್ಷ ಮಾತ್ರ. ಆ 2 ಲಕ್ಷ ಶಾರ್ಟ್ ಟರ್ಮ್ ಒಳಗೆ ಬರುತ್ತದೆ. ಅದಕ್ಕೆ ಕರೆಂಟ್ ಮೆಚ್ಯುರಿಟೀಸ್ ಅಂತ ಹೆಸರು. ಒಂದು ರೂಪಾಯಿ ಕಟ್ಟದಿದ್ದರೂ ಲಾಂಗ್ ಟರ್ಮ್ ಸಾಲ ಇಳಿದ ಹಾಗೆ ಕಾಣುತ್ತದೆ.

ಅದಕ್ಕೇ ಎರಡನ್ನೂ ಕೂಡಿಸಿ ನೋಡಬೇಕು. ಹೋದ ವರ್ಷ ಒಟ್ಟು 115 ಕೋಟಿ, ಈ ವರ್ಷ 113 ಕೋಟಿ. ಇಳಿದದ್ದು ಬರೀ 2 ಕೋಟಿ.

ಹಳೇ ವರದಿಗಳನ್ನೂ ತೆಗೆದು ನೋಡುವುದಾದರೆ ಒಂದು ವಿಷಯ ನೆನಪಿಡಿ. 2021ರ ಮಾರ್ಚ್‌ನಲ್ಲಿ ಬ್ಯಾಲೆನ್ಸ್ ಶೀಟ್ ಹೇಗೆ ಬರೆಯಬೇಕು ಅಂತ ಹೇಳುವ ಕಂಪನಿ ಕಾಯ್ದೆಯ ಶೆಡ್ಯೂಲ್ 3ಕ್ಕೆ ತಿದ್ದುಪಡಿ ಬಂತು. ಅದಕ್ಕೆ ಮುಂಚೆ ಈ ಕಂತಿನ ಮೊತ್ತ ಶಾರ್ಟ್ ಟರ್ಮ್ ಸಾಲದಲ್ಲೂ ಇರುತ್ತಿರಲಿಲ್ಲ, ಇತರೆ ಬಾಧ್ಯತೆಗಳ ಒಳಗೆ ಸೇರಿರುತ್ತಿತ್ತು. ಅಲ್ಲಿಂದ ಹುಡುಕಿ ಕೂಡಿಸಬೇಕು.

ಬಾರೋಯಿಂಗ್ಸ್ ಪಕ್ಕದಲ್ಲಿ ನೋಟ್ ನಂಬರ್ ಇರುತ್ತದಲ್ವಾ, ವರದಿಯಲ್ಲಿ ಆ ನಂಬರಿನ ವಿವರಣೆ ತೆಗೆದು ಒಳಗೆ ಏನಿದೆ ಅಂತ ಇಲ್ಲಿ ಹಾಕಿ.

ಶ್ರೀನಿವಾಸಪುರದ ಮಾವಿನ ತೋಟದವನು:
ಅಣ್ಣ, ಲಾಂಗ್ ಟರ್ಮ್ ಸಾಲ ಇದೆ ಅಂತ ಮಾತ್ರಕ್ಕೆ ಹೆದರಬೇಡಿ. ನಾನು ಮಾವಿನ ಸಸಿ ಇಟ್ಟಾಗ ಒಂದು ವರ್ಷದ ಕೈಸಾಲ ತಂದಿದ್ದೆ. ಕಸಿ ಗಿಡ ಫಸಲು ಕೊಡೋಕೆ ನಾಲ್ಕೈದು ವರ್ಷ ಬೇಕು. ವರ್ಷ ತುಂಬಿದಾಗ ಗಿಡ ಸೊಂಟದ ಎತ್ತರಕ್ಕೂ ಬಂದಿರಲಿಲ್ಲ, ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಎರಡು ಹಸು ಮಾರಿ ಕಟ್ಟಿದೆ. ತೋಟದಲ್ಲಿ ತಪ್ಪಿರಲಿಲ್ಲ, ಸಾಲದ ಅವಧಿ ತಪ್ಪಾಗಿತ್ತು. ನಿಧಾನಕ್ಕೆ ದುಡಿಯುವ ಫ್ಯಾಕ್ಟರಿಗೆ ಏಳೆಂಟು ವರ್ಷದ ಸಾಲವೇ ಸರಿ. ನಿಮ್ಮ ಕಂಪನಿಯ 63 ಕೋಟಿ ಯಾತಕ್ಕೆ ಹೋಗಿದೆ, ಅದನ್ನು ನೋಡಿ.

ಶಿಡ್ಲಘಟ್ಟ ರೀಲರ್:
ಮೇಡಂ, ನೋಡಿದೆ. 63 ಕೋಟಿಯಲ್ಲಿ ಕರೆಂಟ್ ಮೆಚ್ಯುರಿಟೀಸ್ 34 ಕೋಟಿ. ಹೋದ ವರ್ಷ ಇದೇ ಜಾಗದಲ್ಲಿ 6 ಕೋಟಿ ಇತ್ತು. ಉಳಿದ 29 ಕೋಟಿ ಕ್ಯಾಷ್ ಕ್ರೆಡಿಟ್, ದಿನದ ವ್ಯಾಪಾರಕ್ಕೆ ಬ್ಯಾಂಕಿನಿಂದ ತೆಗೆಯುವ ಸಾಲ, ನಾವು ಗೂಡು ತರೋಕೆ ತೆಗೆಯುತ್ತೇವಲ್ಲ ಆ ಥರದ್ದು. ಅದು ಮೊದಲು 25 ಕೋಟಿ ಇತ್ತು. ಅಂದರೆ ಕಟ್ಟಿದ್ದು 6 ಕೋಟಿ, ಹೊಸದಾಗಿ ತೆಗೆದದ್ದು 4 ಕೋಟಿ. ನಿಮ್ಮ 2 ಕೋಟಿ ಲೆಕ್ಕ ತಾಳೆಯಾಯಿತು.

ಕೈಯಲ್ಲಿ ಮತ್ತು ಬ್ಯಾಂಕಿನಲ್ಲಿ 5 ಕೋಟಿ ಇದೆ. ಕ್ಯಾಷ್ ಫ್ಲೋ ಪಟ್ಟಿಯಲ್ಲಿ, ಅಂದರೆ ವರ್ಷದಲ್ಲಿ ದುಡ್ಡು ಬಂದು ಹೋದ ಲೆಕ್ಕದಲ್ಲಿ, ವ್ಯಾಪಾರದಿಂದ ಬಂದದ್ದು 18 ಕೋಟಿ ಅಂತಿದೆ. ಕಟ್ಟಿದ ಬಡ್ಡಿ 11 ಕೋಟಿ.

ತುಮಕೂರಿನ ಲೆಕ್ಕದವಳು:
ಸಾರ್, ಆ 18 ಕೋಟಿ ಬಡ್ಡಿ ಕಳೆಯುವ ಮುಂಚಿನದು. ನಮ್ಮಲ್ಲಿ ಬಡ್ಡಿಯನ್ನು ಅದೇ ಪಟ್ಟಿಯ ಕೊನೆಯ ಭಾಗದಲ್ಲಿ, ಸಾಲದ ಲೆಕ್ಕದ ಜೊತೆ ತೋರಿಸುತ್ತಾರೆ. ಇಲ್ಲಿ ತುಂಬಾ ಜನ ಎಡವುತ್ತಾರೆ. 18ರಲ್ಲಿ 11 ಹೋದರೆ 7 ಕೋಟಿ. ಕೈಯಲ್ಲಿರುವ 5 ಸೇರಿಸಿದರೆ 12. ಬರುವ ವರ್ಷವೂ ವ್ಯಾಪಾರ ಹೀಗೇ ನಡೆದರೆ ಕಟ್ಟಬೇಕಾದ 34ಕ್ಕೆ 22 ಕೋಟಿ ಕಮ್ಮಿ ಬೀಳುತ್ತದೆ. ಹೊಸ ಮೆಷಿನ್ ಖರ್ಚು ಬೇರೆ. ಅದನ್ನು ಹೊಸ ಸಾಲದಿಂದ ತುಂಬಬೇಕು, ಇಲ್ಲಾ ಆಸ್ತಿ ಮಾರಬೇಕು, ಇಲ್ಲಾ ಹೊಸ ಷೇರು ಬಿಡಬೇಕು.

6 ಕೋಟಿ ಇದ್ದದ್ದು ಒಮ್ಮೆಗೇ 34 ಯಾಕಾಯಿತು? ಲಾಂಗ್ ಟರ್ಮ್ ಸಾಲದ ನೋಟ್‌ನಲ್ಲಿ ಮರುಪಾವತಿಯ ಷರತ್ತು ಬರೆದಿರುತ್ತಾರೆ, ಓದಿ. ಏನು ಅಡ ಇಟ್ಟಿದ್ದಾರೆ ಅಂತಲೂ ಅಲ್ಲೇ ಇರುತ್ತದೆ. ಇನ್ನೊಂದು, ಕಂಟಿಂಜೆಂಟ್ ಲಯಬಿಲಿಟೀಸ್ ಅನ್ನೋ ನೋಟ್, ಅಂದರೆ ಮುಂದೆ ತಲೆ ಮೇಲೆ ಬರಬಹುದಾದ ಹೊಣೆಗಳ ಪಟ್ಟಿ. ಬೇರೆ ಕಂಪನಿಯ ಸಾಲಕ್ಕೆ ಜಾಮೀನು ನಿಂತಿದ್ದರೆ ಅದು ಬ್ಯಾಲೆನ್ಸ್ ಶೀಟಿನ ಸಾಲದ ಮೊತ್ತದಲ್ಲಿ ಸೇರಿರುವುದಿಲ್ಲ, ಆ ನೋಟ್‌ನಲ್ಲಿ ಸಿಗುತ್ತದೆ.

ಶಿಡ್ಲಘಟ್ಟ ರೀಲರ್:
ಸಿಕ್ಕಿತು ಮೇಡಂ. ಜಾಮೀನು ಏನೂ ಇಲ್ಲ. 34ರಲ್ಲಿ 28 ಕೋಟಿ ಡಿಬೆಂಚರ್, ಅಂದರೆ ಹೂಡಿಕೆದಾರರಿಗೆ ಸಾಲಪತ್ರ ಕೊಟ್ಟು ತೆಗೆದ ಸಾಲ. ಕಂತಿಲ್ಲ, ಪೂರ್ತಿ ಅಸಲು ನವೆಂಬರ್‌ನಲ್ಲಿ ಒಂದೇ ಸಲ ಕಟ್ಟಬೇಕು. ಉಳಿದ 6 ಕೋಟಿ ಬ್ಯಾಂಕಿನ ಮಾಮೂಲಿ ಕಂತು.

ನವೆಂಬರ್‌ಗೆ ದುಡ್ಡು ಎಲ್ಲಿಂದ ತರುತ್ತೀರಿ ಅಂತ ಎಜಿಎಂ (ಷೇರುದಾರರ ವಾರ್ಷಿಕ ಸಭೆ) ನೋಟಿಸ್‌ನಲ್ಲಿದ್ದ ವಿಳಾಸಕ್ಕೆ ಈಗ ತಾನೇ ಇಮೇಲ್ ಕಳಿಸಿದೆ. ಉತ್ತರ ಬಂದ ದಿನ ಇಲ್ಲಿ ಹಾಕುತ್ತೇನೆ. ಅಲ್ಲಿಯವರೆಗೆ ಹೊಸ ಷೇರು ತಗೊಳ್ಳುವುದಿಲ್ಲ.