ಸೊಂಟಕ್ಕೆ ಸ್ಕ್ರೂ ಹಾಕಿಸಿದ್ಮೇಲೆ ಮೆಟ್ಟುಗತ್ತಿ ಮೇಲೆ ಕೂರಕ್ಕಾಗತ್ತಾ?

ಶಿರಸಿ ತೋಟಿಗ:
ಎಲ್ರಿಗೂ ನಮಸ್ಕಾರ. ಅಪ್ಪಯ್ಯಂಗೆ 58, ಎರಡು ಎಕರೆ ಅಡಿಕೆ ತೋಟ. ಎರಡು ವರ್ಷದಿಂದ ಸೊಂಟನೋವು, ಈಗ ತೋಟದ ದರೆ ಹತ್ತೋದ್ರೊಳಗೆ ಎಡಗಾಲು ಜೋಮು ಹಿಡ್ದು ಕೂತ್ಬಿಡ್ತಾರೆ. ಹುಬ್ಬಳ್ಳೀಲಿ ಎಂಆರ್‌ಐ ಮಾಡ್ಸಿದ್ವಿ, ಸೊಂಟದ ನಾಲ್ಕನೇ ಎಲುಬು (ಎಲ್ 4) ಐದನೇದರ (ಎಲ್ 5) ಮೇಲೆ ಮುಂದಕ್ಕೆ ಜಾರಿದೆ, ಫ್ಯೂಷನ್ ಮಾಡ್ಬೇಕು, ಅಂದ್ರೆ ಸ್ಕ್ರೂ ಹಾಕಿ ಎರಡೂ ಎಲುಬು ಒಂದಾಗೋ ಹಾಗೆ ಕೂಡಿಸ್ಬೇಕು ಅಂದ್ರು. ಅಪ್ಪಯ್ಯಂದು ಒಂದೇ ಪ್ರಶ್ನೆ, ನೋವು ಹೋಗತ್ತಾ ಅಂತಲ್ಲ, ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯಕ್ಕಾಗತ್ತಾ ಅಂತ. ಊರಲ್ಲಿ ಯಾರೋ ಆಪರೇಷನ್ ಆದ್ರೆ ಒನಕೆ ಥರ ಆಗೋಗ್ತೀಯ ಅಂದಿದಾರಂತೆ.

ಕಾರವಾರದ ಅಕ್ಕ:
ತಮ್ಮಾ, ನಂಗೂ ಅದೇ ಜಾಗ, ನಾಲ್ಕು ವರ್ಷ ಆಯ್ತು. ಒನಕೆ ಏನೂ ಆಗಿಲ್ಲ. ಮೊದಲ ಮೂರು ತಿಂಗಳು ಮಾತ್ರ ಕಷ್ಟ, ಬಗ್ಗೋ ಹಾಗಿಲ್ಲ, ತಿರುಚೋ ಹಾಗಿಲ್ಲ, ನೀರಿನ ಕೊಡ ಎತ್ತೋ ಹಾಗಿಲ್ಲ, ಹಾಸಿಗೆಯಿಂದ ಏಳೋವಾಗ್ಲೂ ಮರದ ದಿಮ್ಮಿ ಉರುಳಿಸ್ದಂಗೆ ಪೂರ್ತಿ ಪಕ್ಕಕ್ಕೆ ಹೊರಳಿ ಆಮೇಲೆ ಕೈ ಊರಿ ಏಳ್ಬೇಕು. ಈಗ ನೆಲಕ್ಕೆ ಬಿದ್ದ ಚಮಚ ತೆಗಿಯೋದು ಮಂಡಿ ಮಡಚಿ. ಈಳಿಗೆಮಣೆ ಮೇಲೆ ಕೂತು ಮೀನು ಕೊಯ್ಯೋದು ಬಿಟ್ಟೆ, ಕೂರಕ್ಕಾಗಲ್ಲ ಅಂತಲ್ಲ, ಅರ್ಧ ಗಂಟೆ ಆದ್ಮೇಲೆ ಏಳೋದೇ ದೊಡ್ಡ ಕೆಲ್ಸ. ಕಟ್ಟೆ ಮುಂದೆ ನಿಂತು ಚಾಕೂಲಿ ಕೊಯ್ತೀನಿ, ಅಷ್ಟೆ.

ಕುಮಟಾ ಫಿಸಿಯೋ:
ಅಕ್ಕ ಹೇಳಿದ್ದು ಸರಿ. ನಾವು ಬಗ್ಗೋದು ಬರೀ ಸೊಂಟದ ಎಲುಬಿಂದ ಅಲ್ಲ, ದೊಡ್ಡ ಪಾಲು ತೊಡೆಸಂದಿನ ಕೀಲಿಂದು. ಸೊಂಟದಲ್ಲಿ ಐದು ಎಲುಬು, ಕೆಳಗಿನ ಎರಡು ಕೀಲು ಮುಂದೆ ಹಿಂದೆ ಸೇರಿ ತಲಾ ಸುಮಾರು 15 ಡಿಗ್ರಿ ಮೇಲೆ ಆಡತ್ತೆ, ಒಂದನ್ನ ಕೂಡಿಸಿದ್ರೆ ಅಷ್ಟು ಹೋಯ್ತು, ಆದ್ರೆ ನೋವಿಗೆ ಹೆದರಿ ಈಗಾಗ್ಲೇ ಬಗ್ಗೋದು ಬಿಟ್ಟವರಿಗೆ ಆಪರೇಷನ್ ಆದ್ಮೇಲೆ ಜಾಸ್ತೀನೇ ಬಗ್ಗಿದ ಹಾಗನ್ಸತ್ತೆ. ಮೈ ತಿರುಗ್ಸೋದಂತೂ ಮುಖ್ಯವಾಗಿ ಎದೆ ಭಾಗದ ಬೆನ್ನಿನ ಕೆಲ್ಸ, ಅಲ್ಲಿ ಯಾರೂ ಸ್ಕ್ರೂ ಹಾಕ್ತಿಲ್ಲ. ಎರಡು ಮೂರು ಕೀಲು ಕೂಡಿಸಿದ್ರೆ ಬಿಗಿ ಚೆನ್ನಾಗೇ ಗೊತ್ತಾಗತ್ತೆ. ಮೆಟ್ಟುಗತ್ತಿ ತಕರಾರು ಬೇರೆ, ಅಷ್ಟು ಕೆಳಗೆ ಕೂತು ಗಂಟೆಗಟ್ಲೆ ಮುಂದಕ್ಕೆ ಬಾಗಿರ್ಬೇಕು. ಎತ್ತರದ ಮಣೆ ಮಾಡ್ಸಿ, ತೊಡೆ ಹಿಂದಿನ ಸ್ನಾಯು ಸಡಿಲ ಮಾಡೋ ವ್ಯಾಯಾಮ ಡಾಕ್ಟ್ರು ಒಪ್ಪಿದ್ಮೇಲೆ ಶುರು ಮಾಡ್ಲಿ. ಇನ್ನೊಂದು, ಸ್ಕ್ರೂ ಬರೀ ಹಿಡ್ಕೊಂಡಿರೋಕೆ, ಎಲುಬು ಕೂಡಕ್ಕೆ ಆರು ತಿಂಗಳು, ಕೆಲವ್ರಿಗೆ ಒಂದು ವರ್ಷ. ಬೀಡಿ, ಕವಳದ ಹೊಗೆಸೊಪ್ಪು ಎರಡೂ ಬಂದ್! ನಿಕೋಟಿನ್ ಇದ್ರೆ ಕೂಡೋದು ನಿಧಾನ.

ಹೊನ್ನಾವರ ಮಾವ:
ಎಲ್ಲಾ ಸಲೀಸು ಅನ್ಕೋಬೇಡಿ ಮಾರಾಯ್ರೆ. ನಮ್ಮ ಭಾವಂಗೆ ಆರು ವರ್ಷಕ್ಕೆ ಮೇಲಿನ ಡಿಸ್ಕೂ ಹಾಳಾಯ್ತು. ಕೆಳಗಿಂದು ಆಡಲ್ಲ ಅಂದ್ರೆ ಆ ಭಾರ ಮೇಲಿನವನ ತಲೆಗೆ.

ಕುಮಟಾ ಫಿಸಿಯೋ:
ಹೌದು, ಹಾಗಾಗೋದುಂಟು. ಆದ್ರೆ ಎಲ್ರಿಗೂ ಆಗಲ್ಲ, ವಯಸ್ಸಿಗೆ ಸವೆಯೋದೂ ಇರತ್ತಲ್ಲ. ಕಾಲಲ್ಲಿ ಶಕ್ತಿ ಕಡಿಮೆ ಆಗ್ತಿದ್ರೆ, ಮೂತ್ರ ಹಿಡಿಯಕ್ಕಾಗದೆ ಇದ್ರೆ ಯೋಚ್ನೆ ಮಾಡ್ತಾ ಕೂರ್ಬೇಡಿ, ತಕ್ಷಣ ತೋರ್ಸಿ.

ಶಿರಸಿ ತೋಟಿಗ:
ಎಲ್ಲಾ ಓದಿ ಹೇಳ್ದೆ. ಎತ್ತರದ ಮಣೆಗೆ ಹೂಂ ಅಂದ್ರು, ಬೇಣದಲ್ಲಿ ಬಿದ್ದಿರೋ ಹಲಸಿನ ಮರ ಸಾಕು ಅದಕ್ಕೆ ಅಂತಾನೂ ಅಂದ್ರು. ಹೊಗೆಸೊಪ್ಪಿನ ಸಾಲು ಬಂತು ನೋಡಿ, ಕವಳದ ಬಟ್ಟಲು ಹಿಡ್ಕೊಂಡು ಎದ್ದೇ ಹೋದ್ರು.